ಓದುಗರ ಪ್ರಶ್ನೆ, ನಮ್ಮ ಉತ್ತರ: ಕೊಡಗಿನ ತೇವದಲ್ಲಿ ಯುದ್ಧವಾಹನದ ಕಿಟ್ ಜೋಡಿಸುವುದು

ಕಲ್ಪನಾಲೋಕದ ಯುದ್ಧದಾಟಗಳಲ್ಲಿ ಮೇಜಿನ ಮೇಲೆ ನಡೆಸುವ ಪ್ಲಾಸ್ಟಿಕ್ ವಾಹನಗಳ ಬಗ್ಗೆ ಈ ಬಾರಿ ಒಂದೇ ಜಿಲ್ಲೆಯಿಂದ ಹಲವು ಪತ್ರಗಳು ಬಂದಿವೆ. ಬರೆದವರ ಹೆಸರುಗಳನ್ನು ಬಿಟ್ಟು, ಊರನ್ನಷ್ಟೇ ಉಳಿಸಿಕೊಂಡು, ಪ್ರಶ್ನೆಗಳನ್ನು ಸ್ವಲ್ಪ ಸಂಕ್ಷೇಪಿಸಿ ಇಲ್ಲಿ ಕೊಟ್ಟಿದ್ದೇವೆ. ಉತ್ತರಿಸುತ್ತಿರುವ ನಾನು ಮಡಿಕೇರಿಯಲ್ಲೇ ವಾಸವಾಗಿದ್ದು, ಇಲ್ಲಿನ ಮಳೆ ಮಂಜುಗಳ ನಡುವೆಯೇ ಈ ಕೆಲಸವನ್ನು ಕಲಿತವನಾದ್ದರಿಂದ, ಕಿಟ್‌ನ ಜೊತೆ ಬರುವ ಸೂಚನಾಪತ್ರದಲ್ಲಿ ಇಲ್ಲದ ಕೆಲವು ಸಂಗತಿಗಳನ್ನು ಸೇರಿಸಿದ್ದೇನೆ.

ಪ್ರಶ್ನೆ: ಬೆಂಗಳೂರಿನಲ್ಲಿರುವ ಅಕ್ಕನ ಮಗ ನನಗೆ ಒಂದು ಕಿಟ್ ತಂದುಕೊಟ್ಟಿದ್ದಾನೆ. ಹಿಟಾಚಿಯ ಹಾಗೆ ಚೈನಿನ ಮೇಲೆ ಓಡುವ, ಮೇಲೆ ಫಿರಂಗಿಯಿರುವ ಕವಚವಾಹನ ಅದು. ಪೆಟ್ಟಿಗೆ ತೆರೆದರೆ ಬೂದುಬಣ್ಣದ ನಾಲ್ಕು ಚೌಕಟ್ಟುಗಳಲ್ಲಿ ನೂರಕ್ಕೂ ಹೆಚ್ಚು ತುಂಡುಗಳಿವೆ. ಸೂಚನಾಪತ್ರದಲ್ಲಿ ಬರೀ ಚಿತ್ರಗಳು. ಎಲ್ಲಿಂದ ಆರಂಭಿಸಬೇಕೆಂದು ತೋಚುತ್ತಿಲ್ಲ. ಎಲ್ಲ ತುಂಡುಗಳನ್ನೂ ಒಮ್ಮೆಗೇ ಬಿಡಿಸಿ ಇಟ್ಟುಕೊಳ್ಳಲೇ?
— ವಿರಾಜಪೇಟೆಯ ಓದುಗರು

ಉತ್ತರ: ದಯವಿಟ್ಟು ಬಿಡಿಸಬೇಡಿ. ಆ ಚೌಕಟ್ಟಿಗೆ ಸ್ಪ್ರೂ ಎನ್ನುತ್ತಾರೆ, ಮತ್ತು ತುಂಡಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಯೇ ನಿಮಗಿರುವ ಒಂದೇ ಗುರುತು. ತುಂಡು ಚೌಕಟ್ಟಿನಿಂದ ಬೇರೆಯಾದ ಕೂಡಲೇ ಆ ಗುರುತು ಹೋಗುತ್ತದೆ. ಎಡಬದಿಯ ಚಕ್ರದ ತೋಳೂ ಬಲಬದಿಯದೂ ಕಣ್ಣಿಗೆ ಒಂದೇ ತರಹ ಕಾಣುತ್ತವೆ, ಆದರೆ ಒಂದರ ಗೂಟ ಇನ್ನೊಂದರ ರಂಧ್ರಕ್ಕೆ ಕೂರುವುದಿಲ್ಲ. ಸೂಚನಾಪತ್ರದ ಒಂದು ಹಂತಕ್ಕೆ ಬೇಕಾದಷ್ಟನ್ನು ಮಾತ್ರ ಕತ್ತರಿಸಿ, ಅದನ್ನು ಮುಗಿಸಿ, ಮುಂದಿನ ಹಂತಕ್ಕೆ ಹೋಗಿ.

ಎಲ್ಲಕ್ಕಿಂತ ಮೊದಲು, ಚೌಕಟ್ಟುಗಳು ಇಡಿಯಾಗಿರುವಾಗಲೇ ಅವನ್ನು ತೊಳೆಯಿರಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೃದುವಾಗಿ ಉಜ್ಜಿ, ಬರೀ ನೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಹರಡಿ ಒಣಗಲು ಬಿಡಿ. ಅಚ್ಚಿನಲ್ಲಿ ಉಳಿದ ಜಿಡ್ಡು, ಕೈಯ ಎಣ್ಣೆ ಇವು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಸಿಂಕಿನ ತೂತಿನ ಮೇಲೆ ಟೀ ಸೋಸುವ ಜಾಲರಿಯೊಂದನ್ನು ಇಟ್ಟುಕೊಂಡರೆ, ತೊಳೆಯುವಾಗ ಕಳಚಿಕೊಳ್ಳುವ ಸಣ್ಣ ತುಂಡು ಮೋರಿ ಸೇರುವುದಿಲ್ಲ. ಕುದಿಯುವ ನೀರು ಖಂಡಿತ ಬೇಡ. ಈ ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ನೂರು ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುತ್ತಿದ್ದಂತೆ ಅದು ಮೆತ್ತಗಾಗಿ ಆಕಾರ ಬಿಡುತ್ತದೆ.

ಕತ್ತರಿಸುವುದಕ್ಕೆ ಎಲೆಕ್ಟ್ರಿಷಿಯನ್ನರ ದಪ್ಪ ಕಟಿಂಗ್ ಪ್ಲೇಯರ್ ಒಗ್ಗುವುದಿಲ್ಲ. ಅದು ಪ್ಲಾಸ್ಟಿಕ್ಕನ್ನು ಕತ್ತರಿಸುವ ಬದಲು ಹಿಸುಕುತ್ತದೆ. ಮೊಬೈಲ್ ಮತ್ತು ರೇಡಿಯೊ ರಿಪೇರಿ ಮಾಡುವವರು ಬಳಸುವ, ಒಂದು ಬದಿ ಚಪ್ಪಟೆಯಾಗಿರುವ ಸಣ್ಣ ನಿಪ್ಪರ್ ಸಾಕು. ಅದರ ಚಪ್ಪಟೆ ಬದಿ ಯಾವಾಗಲೂ ತುಂಡಿನ ಕಡೆಗೆ ಇರಬೇಕು. ಒಂದೇ ಪೆಟ್ಟಿಗೆ ತುಂಡಿನ ಮೈಗೆ ಹತ್ತಿ ಕತ್ತರಿಸಲು ಹೋಗಬೇಡಿ. ಮೊದಲು ತುಂಡಿನಿಂದ ಮೂರು ನಾಲ್ಕು ಮಿ.ಮೀ. ದೂರದಲ್ಲಿ ಕತ್ತರಿಸಿ ಚೌಕಟ್ಟಿನಿಂದ ಬಿಡಿಸಿ. ಆಮೇಲೆ ಅರ್ಧ ಮಿ.ಮೀ.ನಷ್ಟು ಮೊಳಕೆ ಉಳಿಯುವಂತೆ ಇನ್ನೊಮ್ಮೆ. ಆ ಮೊಳಕೆಯನ್ನು ಕಟರ್‌ನಿಂದ ತೆಳ್ಳಗೆ ಸವರಿ, 400 ಮತ್ತು 800 ನಂಬರಿನ ವಾಟರ್ ಪೇಪರ್ ಎಂಬ ಉಜ್ಜುಕಾಗದದಿಂದ ನಯಮಾಡಿ. ಒಂದೇ ಸಲ ಕತ್ತರಿಸಿದರೆ ಎಳೆತಕ್ಕೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಕೆಲವೊಮ್ಮೆ ತುಂಡಿನ ಮೈಯಿಂದಲೇ ಒಂದು ಚೂರು ಕಿತ್ತು ಬರುತ್ತದೆ. ಹಾಗೆ ಬಿದ್ದ ಹಳ್ಳ ಬಣ್ಣ ಹಚ್ಚಿದ ಮೇಲೂ ಎದ್ದು ಕಾಣುತ್ತದೆ.

ಇನ್ನು ಅಚ್ಚುಗೆರೆ. ಉಕ್ಕಿನ ಅಚ್ಚಿನ ಎರಡು ಹೋಳುಗಳು ಕೂಡುವ ಜಾಗದಲ್ಲಿ ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಹೊರಗೆ ಇಣುಕಿ ಗಟ್ಟಿಯಾಗುವುದರಿಂದ ಈ ಗೆರೆ ಹುಟ್ಟುತ್ತದೆ. ಬೂದುಬಣ್ಣದ ಪ್ಲಾಸ್ಟಿಕ್‌ನ ಮೇಲೆ ಅದು ಕಾಣುವುದೇ ಇಲ್ಲ, ಬಣ್ಣ ಹಚ್ಚಿದ ಮೇಲೆ ಮಾತ್ರ ಪ್ರತ್ಯಕ್ಷವಾಗುತ್ತದೆ. ಹುಡುಕಬೇಕಾದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಉಗುರನ್ನು ಅಡ್ಡಲಾಗಿ ಎಳೆಯಿರಿ. ಕಣ್ಣಿಗೆ ಸಿಗದ ಗೆರೆ ಉಗುರಿಗೆ ಸಿಗುತ್ತದೆ. ತೆಗೆಯುವುದಕ್ಕೆ ಕಟರ್‌ನ ಅಲಗನ್ನು ಮೇಲ್ಮೈಗೆ ಹೆಚ್ಚುಕಡಿಮೆ ನೇರವಾಗಿ ನಿಲ್ಲಿಸಿ, ಒತ್ತದೆ, ತೆಂಗಿನಕಾಯಿಯ ಗರಟೆಯನ್ನು ಹೆರೆಯುವಷ್ಟು ಹಗುರವಾಗಿ ಹೆರೆದುಕೊಂಡು ಬನ್ನಿ. ಫಿರಂಗಿಯ ನಳಿಕೆಯ ಮೇಲಿನ ಗೆರೆಯನ್ನು ತೆಗೆಯುವಾಗ ನಳಿಕೆಯನ್ನು ಬೆರಳಿನಲ್ಲಿ ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ದುಂಡಗಿನ ನಳಿಕೆ ಒಂದು ಬದಿಯಲ್ಲಿ ಚಪ್ಪಟೆಯಾಗುತ್ತದೆ. ವಾಹನದ ಒಳಬದಿಯಲ್ಲಿ ಕಾಣುವ ದುಂಡು ಗುರುತುಗಳು ತುಂಡನ್ನು ಅಚ್ಚಿನಿಂದ ಹೊರದಬ್ಬುವ ಸರಳುಗಳವು. ಬಾಗಿಲು ತೆರೆದಿಡುವುದಿಲ್ಲವಾದರೆ ಅವುಗಳ ಗೊಡವೆಗೆ ಹೋಗಬೇಕಾಗಿಲ್ಲ.

ಈ ಕೆಲಸ ನೋಡಲು ಬೇಸರದ್ದು ಎನ್ನಿಸಬಹುದು. ನನಗಂತೂ ಇಡೀ ಕಿಟ್‌ನಲ್ಲಿ ಇದೇ ಅತ್ಯಂತ ತೃಪ್ತಿಯ ಭಾಗ. ಹೊರಗೆ ಜಡಿಮಳೆ ಸುರಿಯುತ್ತಿರುವ ಮಧ್ಯಾಹ್ನ, ಮೇಜಿನ ಮೇಲೆ ಒಂದು ದೀಪ, ಕೈಯಲ್ಲಿ ಚಕ್ರದ ಒಂದು ತುಂಡು. ಬಿಳಿ ಎಳೆಗಳು ಸುರುಳಿಯಾಗಿ ಬೀಳುತ್ತ ಬಂದಂತೆ ಆ ತುಂಡು ಅಚ್ಚಿನ ಗುರುತನ್ನೆಲ್ಲ ಕಳೆದುಕೊಂಡು ಯಂತ್ರದ ಒಂದು ಭಾಗವೇ ಆಗಿಬಿಡುತ್ತದೆ. ಇಂಥ ಆಟಗಳಲ್ಲಿ ಬಹಳ ಹೆಸರುವಾಸಿಯಾದ ವಾರ್‌ಹ್ಯಾಮರ್ 40,000 ಅನ್ನು ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ಹೊರತಂದಿತು. ಅದರ ಮರುವರ್ಷವೇ ಆ ಆಟಕ್ಕೆ ರೈನೋ ಎಂಬ ಚೈನಿನ ವಾಹನ ಪ್ಲಾಸ್ಟಿಕ್ ಕಿಟ್ಟಾಗಿ ಬಂತು. ಅಂದಿನಿಂದ ಇಂದಿಗೆ ಅಚ್ಚುಗಳ ಸೂಕ್ಷ್ಮತೆ ಎಷ್ಟೋ ಪಾಲು ಹೆಚ್ಚಿದೆ; ಆದರೆ ಅಚ್ಚುಗೆರೆಯನ್ನು ಹೆರೆಯುವ ಕೆಲಸದಿಂದ ಯಾರಿಗೂ ಬಿಡುಗಡೆ ಸಿಕ್ಕಿಲ್ಲ.

ಪ್ರಶ್ನೆ: ವಾಹನದ ತಳ, ಎರಡು ಪಕ್ಕೆ, ಚಾವಣಿ ಇಷ್ಟನ್ನು ಸೇರಿಸಿದೆ. ಚಾವಣಿ ಒಂದು ಕಡೆ ಸರಿಯಾಗಿ ಕೂತರೆ ಇನ್ನೊಂದು ಕಡೆ ಎರಡು ಮಿ.ಮೀ. ಸಂದು ಬಿಡುತ್ತದೆ. ಮೇಜಿನ ಮೇಲಿಟ್ಟರೆ ಮೂಲೆಯೊಂದು ಮೇಲೆದ್ದು ಕುಂಟುತ್ತದೆ. ಕಿಟ್‌ನಲ್ಲೇ ದೋಷವಿದೆಯೇ?
— ಮಡಿಕೇರಿಯ ಓದುಗರು

ಉತ್ತರ: ದೋಷ ಕಿಟ್‌ನಲ್ಲಿರುವ ಸಾಧ್ಯತೆ ಕಡಿಮೆ. ನೀವು ತಳಕ್ಕೆ ಒಂದು ಪಕ್ಕೆಯನ್ನು ಅಂಟಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದನ್ನು ಅಂಟಿಸಿ, ಅದೂ ಗಟ್ಟಿಯಾದ ಮೇಲೆ ಚಾವಣಿಗೆ ಬಂದಿರಬೇಕು. ಮೊದಲ ಪಕ್ಕೆ ಒಂದು ಡಿಗ್ರಿ ವಾಲಿದ್ದರೂ ಆ ವಾಲು ಮುಂದಿನ ಪ್ರತಿಯೊಂದು ತುಂಡಿಗೂ ದಾಟುತ್ತ ಹೋಗಿ ಕೊನೆಗೆ ಚಾವಣಿಯಲ್ಲಿ ಎರಡು ಮಿ.ಮೀ. ಆಗಿ ಹೊರಬೀಳುತ್ತದೆ.

ಪೆಟ್ಟಿಗೆಯಂಥ ದೇಹವನ್ನು ಒಂದೇ ಕೂಟದಲ್ಲಿ ಕಟ್ಟಬೇಕು. ಅಂಟನ್ನು ಮುಟ್ಟುವ ಮೊದಲು ಎಲ್ಲ ತುಂಡುಗಳನ್ನೂ ಮಾಸ್ಕಿಂಗ್ ಟೇಪಿನಿಂದ ಹಿಡಿದು ನಿಲ್ಲಿಸಿ ನೋಡಿ. ಇದಕ್ಕೆ ನಾನು ಒಣಜೋಡಣೆ ಎನ್ನುತ್ತೇನೆ. ಎಲ್ಲೆಲ್ಲಿ ಸಂದು ಕಾಣುತ್ತದೋ ಅಲ್ಲಿ ಗೂಟಕ್ಕೆ ಅಡ್ಡವಾಗಿ ಏನೋ ಇದೆ ಎಂದರ್ಥ. ಸಾಮಾನ್ಯವಾಗಿ ಸವರದೆ ಬಿಟ್ಟ ಮೊಳಕೆಯೋ, ಅಂಚಿನಲ್ಲುಳಿದ ಅಚ್ಚುಗೆರೆಯೋ ಆಗಿರುತ್ತದೆ. ಅದನ್ನು ಸರಿಪಡಿಸಿ ಮತ್ತೆ ನಿಲ್ಲಿಸಿ. ಸಂದೇ ಇಲ್ಲವೆನ್ನುವ ತನಕ ಅಂಟಿನ ಮುಚ್ಚಳ ತೆರೆಯಬೇಡಿ. ಒಂದು ವಾಹನಕ್ಕೆ ನಾನು ಮೂರು ಸಂಜೆ ಕೊಟ್ಟರೆ, ಅದರಲ್ಲಿ ಒಂದು ಸಂಜೆ ಪೂರ್ತಿ ಒಣಜೋಡಣೆಗೆ ಹೋಗುತ್ತದೆ, ಮತ್ತು ಆ ಸಂಜೆಯನ್ನು ಉಳಿಸಲು ಹೋದಾಗಲೆಲ್ಲ ವಾಹನ ಕುಂಟಿದೆ.

ಅಂಟಿನ ವಿಷಯ ಹೇಳಬೇಕು. ಪಾಲಿಸ್ಟೈರೀನ್‌ಗೆಂದೇ ಮಾಡಿದ ಪ್ಲಾಸ್ಟಿಕ್ ಸಿಮೆಂಟ್ ನಿಜಕ್ಕೂ ಅಂಟಲ್ಲ, ದ್ರಾವಕ. ಅದು ಎರಡು ತುಂಡುಗಳ ಮೇಲ್ಮೈಯನ್ನು ಕರಗಿಸಿ ಒಂದರೊಳಗೊಂದು ಬೆರೆಸುತ್ತದೆ. ದ್ರಾವಕ ಆರಿಹೋದ ಮೇಲೆ ಉಳಿಯುವುದು ಬೆಸುಗೆಯಾದ ಒಂದೇ ಪ್ಲಾಸ್ಟಿಕ್. ನೀರಿನಷ್ಟು ತೆಳುವಾದ ಸಿಮೆಂಟನ್ನು ತುಂಡಿಗೆ ಹಚ್ಚಿ ಜೋಡಿಸುವುದಿಲ್ಲ; ಜೋಡಿಸಿ ಹಿಡಿದು, ಅದರ ಕುಂಚದ ತುದಿಯನ್ನು ಸಂದಿಗೆ ತಾಗಿಸುತ್ತಾರೆ. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವ ಹಾಗೆ ಸಂದು ತಾನೇ ಅದನ್ನು ಎಳೆದುಕೊಂಡು, ಕಣ್ಣೆದುರಿಗೇ ಗೆರೆಯುದ್ದಕ್ಕೂ ಒದ್ದೆಯ ಹೊಳಪು ಓಡುತ್ತದೆ. ನಿಮ್ಮ ಬೆರಳು ಸಂದಿನ ಮೇಲಿದ್ದರೆ ಅದು ಬೆರಳಿನ ಅಡಿಗೂ ಓಡಿ, ಬೆರಳಚ್ಚನ್ನು ಶಾಶ್ವತವಾಗಿ ಪ್ಲಾಸ್ಟಿಕ್‌ನಲ್ಲಿ ಮೂಡಿಸಿಬಿಡುತ್ತದೆ, ಎಚ್ಚರ. ತಳ, ಪಕ್ಕೆ, ಚಾವಣಿ ಎಲ್ಲವೂ ಟೇಪಿನಲ್ಲಿ ನಿಂತಿರುವಾಗ ಮೂಲೆಗಳಿಗೆ ಮೊದಲು ಒಂದೊಂದು ಚುಕ್ಕೆ ಹಾಕಿ, ಗಾಜಿನ ಹಲಗೆಯ ಮೇಲಿಟ್ಟು ನಾಲ್ಕೂ ಮೂಲೆ ತಾಗುತ್ತವೆಯೇ ಎಂದು ನೋಡಿ, ಬೇಕಿದ್ದರೆ ತಿರುಚಿ ಸರಿಪಡಿಸಿ, ಆಮೇಲಷ್ಟೇ ಸಂದುಗಳ ಉದ್ದಕ್ಕೂ ಸಿಮೆಂಟ್ ಓಡಿಸಿ. ರಬ್ಬರ್ ಬ್ಯಾಂಡ್ ಹಾಕಿ ಒಂದು ರಾತ್ರಿ ಬಿಡಿ. ಬಟ್ಟೆ ಕ್ಲಿಪ್ಪುಗಳೂ ಆಗುತ್ತವೆ.

ನಿಮ್ಮ ಈಗಿನ ವಾಹನ ಕೈಬಿಡುವಂಥದ್ದಲ್ಲ. ಸಿಮೆಂಟ್ ಹಾಕಿ ಒಂದೆರಡು ದಿನವಷ್ಟೇ ಆಗಿದ್ದರೆ, ಕುಂಟುವ ಬದಿಯ ಬೆಸುಗೆಯನ್ನು ಕಟರ್‌ನಿಂದ ನಿಧಾನವಾಗಿ ಬಿಡಿಸಬಹುದು. ಗಟ್ಟಿಯಾಗಿದ್ದರೆ ಸಂದನ್ನು ತುಂಬಿಸಿ. ಕಿಟ್‌ನ ಖಾಲಿ ಚೌಕಟ್ಟನ್ನು ಅಕ್ಕಿಕಾಳಿನಷ್ಟು ಸಣ್ಣದಾಗಿ ಕತ್ತರಿಸಿ, ಮುಗಿಯುತ್ತ ಬಂದ ಸಿಮೆಂಟ್ ಬಾಟಲಿಗೆ ಹಾಕಿ ಒಂದು ರಾತ್ರಿ ಬಿಟ್ಟರೆ ಅದು ಜೇನುತುಪ್ಪದಷ್ಟು ದಪ್ಪನೆಯ ಪಾಕವಾಗುತ್ತದೆ. ಅದನ್ನು ಸಂದಿಗೆ ತುಸು ಉಬ್ಬುವಂತೆ ತುಂಬಿ. ಒಣಗುತ್ತ ಅದು ಕುಗ್ಗುವುದರಿಂದ ಎರಡು ದಿನ ಬಿಟ್ಟು ಮತ್ತೊಂದು ಪದರ ಬೇಕಾಗಬಹುದು. ಪೂರ್ತಿ ಒಣಗಿದ ಮೇಲೆ ಉಜ್ಜಿದರೆ, ಅದು ಅದೇ ಪ್ಲಾಸ್ಟಿಕ್ ಆದ್ದರಿಂದ ಸಂದು ಎಲ್ಲಿತ್ತೆಂದು ನಿಮಗೇ ಗೊತ್ತಾಗುವುದಿಲ್ಲ. ಪೈಪಿನ ಸೋರಿಕೆಗೆ ಬಳಸುವ ಎಂ-ಸೀಲ್‌ನಂಥ ಎರಡು ಮುದ್ದೆಯ ಪುಟ್ಟಿಯೂ ದೊಡ್ಡ ಸಂದಿಗೆ ಆಗುತ್ತದೆ. ಆದರೆ ಗಟ್ಟಿಯಾದ ಮೇಲೆ ಅದು ಸುತ್ತಲಿನ ಪ್ಲಾಸ್ಟಿಕ್‌ಗಿಂತ ಕಠಿಣವಾಗಿರುವುದರಿಂದ, ಹಸಿಯಿರುವಾಗಲೇ ಒದ್ದೆ ಬೆರಳಿನಿಂದ ಸಮಮಾಡಿಬಿಡಬೇಕು.

ಪ್ರಶ್ನೆ: ಸೇನೆಯಿಂದ ನಿವೃತ್ತರಾದ ನಮ್ಮ ಅಜ್ಜ ನನ್ನ ಕಿಟ್ ನೋಡಿ, ಟರೆಟ್ (ಮೇಲೆ ತಿರುಗುವ ಫಿರಂಗಿಗೋಪುರ) ಸಡಿಲವಾಗಿರುವ ಟ್ಯಾಂಕನ್ನು ಎಲ್ಲೂ ಕಂಡಿಲ್ಲ, ಅಂಟಿಸಿಬಿಡು ಮಗಾ ಎನ್ನುತ್ತಾರೆ. ಬಣ್ಣ ಹಚ್ಚುವ ತನಕ ಅಂಟಿಸಬಾರದೆಂದು ಗೆಳೆಯ ಹೇಳುತ್ತಾನೆ. ಯಾರ ಮಾತು ಕೇಳಲಿ?
— ಸೋಮವಾರಪೇಟೆಯ ಓದುಗರು

ಉತ್ತರ: ಅಜ್ಜನವರಿಗೆ ನನ್ನ ನಮಸ್ಕಾರ ತಿಳಿಸಿ, ಜೊತೆಗೆ ಜೊಜಿಲಾದ ಕಥೆಯನ್ನು ಅವರಿಂದಲೇ ಹೇಳಿಸಿಕೊಳ್ಳಿ. 1948ರಲ್ಲಿ ನಮ್ಮ ಮಡಿಕೇರಿಯವರೇ ಆದ ಕೆ.ಎಸ್. ತಿಮ್ಮಯ್ಯನವರು ಕಾಶ್ಮೀರದಲ್ಲಿ ಡಿವಿಷನ್ ಕಮಾಂಡರ್ ಆಗಿದ್ದಾಗ, ಸೆವೆಂತ್ ಕ್ಯಾವಲ್ರಿಯ ಸ್ಟುವರ್ಟ್ ಹಗುರ ಟ್ಯಾಂಕುಗಳನ್ನು ಗುಟ್ಟಾಗಿ ಮೇಲಕ್ಕೆ ಸಾಗಿಸಲು ಅವುಗಳ ಟರೆಟ್ಟುಗಳನ್ನೇ ಬಿಚ್ಚಿದ್ದರು. ಮತ್ತೆ ಜೋಡಿಸಿದ ಆ ಟ್ಯಾಂಕುಗಳು ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮೇಲಿನ ಜೊಜಿಲಾ ಕಣಿವೆಯಲ್ಲಿ ಕಾಣಿಸಿಕೊಂಡಾಗ, ಅಷ್ಟೆತ್ತರದಲ್ಲಿ ಟ್ಯಾಂಕನ್ನು ನಿರೀಕ್ಷಿಸಿರದ ಎದುರಾಳಿ ದಂಗಾದ. ಟರೆಟ್ ಬಿಡಿಯಾಗಿರುವುದು ಯುದ್ಧವಾಹನಕ್ಕೆ ಅವಮಾನವೇನಲ್ಲ ಎಂದು ಅಜ್ಜನವರೂ ಒಪ್ಪುತ್ತಾರೆಂದು ನಂಬುತ್ತೇನೆ.

ನಿಮ್ಮ ಮೇಜಿನ ಮಟ್ಟಿಗೆ ಕಾರಣ ಸರಳ. ಅಂಟಿಸಿದ ಮೇಲೆ ಕುಂಚ ಹೋಗದ ಜಾಗಗಳಿದ್ದರೆ ಅಂಥ ಭಾಗವನ್ನು ಬೇರೆಯಾಗಿಯೇ ಬಣ್ಣ ಮಾಡಬೇಕು. ಚೈನಿನ ಹಿಂದಿನ ಪಕ್ಕೆ, ಟರೆಟ್‌ನ ಅಡಿ, ಬಾಗಿಲಿನ ಒಳಮೈ, ಮೇಲೆ ನಿಲ್ಲುವ ಸೈನಿಕ ಇವು ನಾಲ್ಕು ಸಾಮಾನ್ಯವಾಗಿ ಬಿಡಿಯಾಗಿರಲಿ, ಉಳಿದದ್ದನ್ನೆಲ್ಲ ಅಂಟಿಸಿಬಿಡಿ. ಅತಿಯಾಗಿ ಬಿಡಿಬಿಡಿಯಾಗಿಟ್ಟರೆ ಕೊನೆಯಲ್ಲಿ ಬಣ್ಣದ ಮೇಲೆ ಅಂಟಿಸಬೇಕಾಗುತ್ತದೆ, ಮತ್ತು ಪ್ಲಾಸ್ಟಿಕ್ ಸಿಮೆಂಟ್ ಬಣ್ಣದ ಮೇಲೆ ಹಿಡಿಯುವುದಿಲ್ಲ. ಆದ್ದರಿಂದ ಮುಂದೆ ಅಂಟಬೇಕಾದ ಮೇಲ್ಮೈಗಳಿಗೆ, ಬಣ್ಣದ ಅಡಿಗೆ ಹಾಕುವ ತಳಪದರವಾದ ಪ್ರೈಮರ್‌ಗೆ ಮೊದಲೇ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ ಕಾಪಾಡಿಕೊಳ್ಳಿ. ಟರೆಟ್ ಅನ್ನು ಕೊನೆಗೂ ಅಂಟಿಸಲೇಬೇಡಿ. ಆಟದಲ್ಲಿ ತಿರುಗಿಸಬಹುದು, ಪೆಟ್ಟಿಗೆಯಲ್ಲಿಡುವಾಗ ತೆಗೆದಿಡಬಹುದು, ನಳಿಕೆ ಮುರಿಯುವುದಿಲ್ಲ.

ಇನ್ನೊಂದು ಸಣ್ಣ ಮಾತು. ಕೆಲವು ಕಿಟ್‌ಗಳಲ್ಲಿ ನಳಿಕೆಯ ಬಾಯಿ ಮುಚ್ಚಿಕೊಂಡೇ ಅಚ್ಚಾಗಿರುತ್ತದೆ. ಕಟರ್‌ನ ಮೊನೆಯಿಂದ ನಡುವೆ ಒಂದು ಗುಳಿ ಮಾಡಿ, ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್‌ಗೆ 1 ಮಿ.ಮೀ. ಬಿಟ್ ಹಾಕಿ ಎರಡು ಮಿ.ಮೀ. ಆಳ ಕೊರೆಯಿರಿ. ಗುಳಿ ನಡುವಿನಲ್ಲಿದೆಯೇ ಎಂದು ನಾಲ್ಕು ಕಡೆಯಿಂದ ನೋಡಿಯೇ ಕೊರೆಯಬೇಕು. ಆ ಕಪ್ಪು ತೂತು ಇಡೀ ವಾಹನದ ಮುಖವನ್ನೇ ಬದಲಿಸುತ್ತದೆ.

ಪ್ರಶ್ನೆ: ಹನ್ನೊಂದು ವರ್ಷದ ಮಗ ಇದರ ಹುಚ್ಚು ಹಿಡಿಸಿಕೊಂಡಿದ್ದಾನೆ. ಕಟರ್, ಘಾಟು ವಾಸನೆಯ ಅಂಟು ಇವನ್ನೆಲ್ಲ ಅವನ ಕೈಗೆ ಕೊಡಬಹುದೇ?
— ಗೋಣಿಕೊಪ್ಪದ ತಾಯಿಯೊಬ್ಬರು

ಉತ್ತರ: ನಿಪ್ಪರ್ ಮತ್ತು ವಾಟರ್ ಪೇಪರ್ ಕೊಡಿ, ತಾಯಿ, ಕಟರ್ ಮತ್ತು ಸಿಮೆಂಟ್ ನೀವು ಪಕ್ಕದಲ್ಲಿ ಕೂತಿರುವಾಗ ಮಾತ್ರ. ಅಚ್ಚುಗೆರೆ ತೆಗೆಯಲು ಅಲಗೇ ಬೇಕೆಂದಿಲ್ಲ, ಸಣ್ಣ ಅರದಿಂದಲೂ ಆಗುತ್ತದೆ. ಸಿಮೆಂಟ್‌ನ ಆವಿ ತಲೆನೋವು ತರುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ಒಲೆ, ಊದುಬತ್ತಿ, ಅಗ್ಗಿಷ್ಟಿಕೆ ಇರುವ ಕೋಣೆಯಲ್ಲಿ ಬಾಟಲಿ ತೆರೆಯಕೂಡದು. ಮಳೆಗಾಲದಲ್ಲಿ ನಾವು ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂರುವವರು. ಅಂಟಿಸುವ ಹೊತ್ತಿಗಾದರೂ ಒಂದನ್ನು ತೆರೆದಿಡಬೇಕು. ಕಿತ್ತಳೆಸಿಪ್ಪೆಯ ವಾಸನೆಯ ಲಿಮೊನೀನ್ ಸಿಮೆಂಟ್ ಘಾಟು ಕಡಿಮೆ, ಹಿಡಿಯುವುದು ನಿಧಾನ. ಅದಕ್ಕೂ ಗಾಳಿಯಾಡುವ ಜಾಗವೇ ಬೇಕು. ಅಂಟೇ ಬೇಡದ, ಒತ್ತಿದರೆ ಕೂರುವ ಕಿಟ್‌ಗಳೂ ಸಿಗುತ್ತವೆ. ಮೊದಲ ವಾಹನ ಅಂಥದ್ದೇ ಆಗಿದ್ದರೆ ಒಳ್ಳೆಯದು.

ಪ್ರಶ್ನೆ: ಫಿರಂಗಿಯನ್ನು ತಪ್ಪು ಬದಿಗೆ ಸೂಪರ್ ಗ್ಲೂನಿಂದ ಅಂಟಿಸಿಬಿಟ್ಟೆ. ಅದರ ಜೊತೆ ಪಾರದರ್ಶಕ ಕಿಟಕಿಯ ಸುತ್ತ ಬಿಳಿ ಮಸುಕು ಬಂದಿದೆ. ನೇಲ್ ಪಾಲಿಷ್ ತೆಗೆಯುವ ದ್ರವದಿಂದ ಬಿಡಿಸಬಹುದೇ?
— ಕುಶಾಲನಗರದ ಓದುಗರು

ಉತ್ತರ: ಬೇಡವೇ ಬೇಡ. ಆ ದ್ರವದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಅದು ಅಂಟಿನ ಜೊತೆಗೆ ನಿಮ್ಮ ವಾಹನವನ್ನೂ ಕರಗಿಸುತ್ತದೆ. ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಎರಡು ಗಂಟೆ ಇಡಿ. ಸೂಪರ್ ಗ್ಲೂ ತಣ್ಣಗಾದಾಗ ಪೆಡಸಾಗುತ್ತದೆ. ಹೊರತೆಗೆದ ಕೂಡಲೇ ಹಿಡಿದು ಹಗುರವಾಗಿ ತಿರುಚಿದರೆ ಹಲವು ಬಾರಿ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ಬಳಸಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ, ಗರಗಸವೇ ಗತಿಯಾಗುತ್ತಿತ್ತು.

ಬಿಳಿ ಮಸುಕು ಸೂಪರ್ ಗ್ಲೂನ ಆವಿ ಪಕ್ಕದ ಮೇಲ್ಮೈಯಲ್ಲಿ ಕೂತದ್ದು. ಈ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಈ ಮಸುಕು ಬಲುಬೇಗ ಕಾಣಿಸಿಕೊಳ್ಳುತ್ತದೆ. ಪಾರದರ್ಶಕ ತುಂಡುಗಳಿಗೆ ಬಿಳಿ ಫೆವಿಕಾಲ್ ಸಾಕು. ಒಣಗಿದ ಮೇಲೆ ಅದೂ ಪಾರದರ್ಶಕವಾಗುತ್ತದೆ, ಕಿಟಕಿಗೇನೂ ಭಾರ ಹೊರುವ ಕೆಲಸವಿಲ್ಲ. ಸೂಪರ್ ಗ್ಲೂವನ್ನು ಲೋಹ ಅಥವಾ ರೆಸಿನ್ ತುಂಡುಗಳಿಗೆ ಮೀಸಲಿಡಿ.

ಪ್ರಶ್ನೆ: ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ, ಒಂದು ದಿನ ಸ್ವಲ್ಪ ಹೊಳವಾದಾಗ ಜಗಲಿಯಲ್ಲಿ ನಿಂತು ಕಪ್ಪು ಪ್ರೈಮರ್ ಸ್ಪ್ರೇ ಮಾಡಿದೆ. ವಾಹನದ ಮೇಲೆಲ್ಲ ಬೂದಿ ಎರಚಿದಂತೆ ಬೆಳ್ಳಗೆ ಪುಡಿಪುಡಿಯಾಗಿ ನಿಂತಿದೆ. ಒಂದು ತಿಂಗಳ ಕೆಲಸ ಹಾಳಾಯಿತೇ?
— ನಾಪೋಕ್ಲುವಿನ ಓದುಗರು

ಉತ್ತರ: ನಿಮ್ಮ ಪತ್ರ ಓದಿದಾಗ ಮನಸ್ಸಿಗೆ ನೋವಾಯಿತು, ಏಕೆಂದರೆ ನನ್ನ ಮೊದಲ ವಾಹನಕ್ಕೂ ಇದೇ ಆಗಿತ್ತು. ಆಷಾಢದ ಒಂದು ಮಧ್ಯಾಹ್ನ ಬಿಸಿಲಿನ ಒಂದು ಕೋಲು ಅಂಗಳಕ್ಕೆ ಬಿದ್ದದ್ದನ್ನು ಕಂಡು, ಇಷ್ಟು ಸಾಕೆಂದುಕೊಂಡು ಸ್ಪ್ರೇ ಎತ್ತಿಕೊಂಡಿದ್ದೆ. ಬಿಸಿಲು ಬಿದ್ದಿತ್ತು, ಗಾಳಿ ಒಣಗಿರಲಿಲ್ಲ. ಚೈನಿನ ಕೊಂಡಿಗಳ ನಡುವಿನ ಸಣ್ಣ ಮೊಳೆತಲೆಗಳನ್ನೆಲ್ಲ ಒಂದೊಂದಾಗಿ ಸ್ವಚ್ಛಮಾಡಿದ್ದೆ. ಅವು ಒರಟು ಪುಡಿಯ ಅಡಿಯಲ್ಲಿ ಮುಚ್ಚಿಹೋದದ್ದನ್ನು ನೋಡಿಕೊಂಡು ಬಹಳ ಹೊತ್ತು ಜಗಲಿಯಲ್ಲೇ ಕೂತಿದ್ದೆ.

ಆದದ್ದು ಇಷ್ಟು. ಡಬ್ಬಿಯಿಂದ ಹೊರಬರುವ ಅನಿಲ ಮತ್ತು ದ್ರಾವಕ ವೇಗವಾಗಿ ಆರುವಾಗ ಸುತ್ತಲಿನ ಶಾಖವನ್ನು ಹೀರಿಕೊಂಡು ತುಂಡಿನ ಮೇಲ್ಮೈಯನ್ನು ತಣ್ಣಗೆ ಮಾಡುತ್ತವೆ. ಗಾಳಿಯಲ್ಲಿ ತೇವ ತುಂಬಿದ್ದರೆ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಇಬ್ಬನಿ ಕೂರುತ್ತದೆ, ಅದು ಹಸಿ ಬಣ್ಣದೊಳಗೆ ಸೇರಿ ಬೆಳ್ಳಗಾಗಿಸುತ್ತದೆ. ಡಬ್ಬಿಯನ್ನು ತುಂಬ ದೂರ ಹಿಡಿದಿದ್ದರೆ ಬಣ್ಣದ ಹನಿಗಳು ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಬೀಳುವುದೂ ಉಂಟು. ನಿಮ್ಮದರಲ್ಲಿ ಎರಡೂ ಸೇರಿರುವಂತಿದೆ.

ವಾಹನ ಹಾಳಾಗಿಲ್ಲ. ಮೊದಲು ಎರಡು ದಿನ ಮನೆಯೊಳಗೆ ಒಣಗಲು ಬಿಟ್ಟು, ಒಣ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ನೋಡಿ. ಪುಡಿ ಮೇಲ್ಪದರದಲ್ಲಷ್ಟೇ ಇದ್ದರೆ ಉದುರುತ್ತದೆ. ಉದುರದಿದ್ದರೆ ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕೆಲವು ಗಂಟೆ ನೆನೆಸಿ, ಬ್ರಷ್‌ನಿಂದ ಉಜ್ಜಿ ತೆಗೆಯಬಹುದು. ಅದು ಪಾಲಿಸ್ಟೈರೀನ್ ಅನ್ನು ಕರಗಿಸುವುದಿಲ್ಲ. ಆದರೂ ಕಾಣದ ಒಂದು ತುಂಡಿನ ಮೇಲೆ ಮೊದಲು ಪರೀಕ್ಷಿಸಿ, ಕೈಗವಸು ಹಾಕಿಕೊಳ್ಳಿ, ಬೆಂಕಿಯಿಂದ ದೂರವಿರಿ. ಥಿನ್ನರ್ ಮಾತ್ರ ಮುಟ್ಟಬೇಡಿ.

ಮುಂದಿನ ಬಾರಿಗೆ ಹೇಳುವುದಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಸ್ಪ್ರೇ ಡಬ್ಬಿಯನ್ನು ಕಪಾಟಿನಲ್ಲೇ ಇಡುವುದು ಮೇಲು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಆ ದಿನಗಳಲ್ಲಿ ಕುಂಚದಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸಿ. ಒಂದು ದಪ್ಪ ಪದರದ ಬದಲು ಎರಡು ಮೂರು ತೆಳು ಪದರ, ಪ್ರತಿ ಪದರದ ನಡುವೆ ಇಲ್ಲಿನ ಹವೆಗೆ ಒಂದು ಪೂರ್ತಿ ರಾತ್ರಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವ ಆಸೆ ಬೇಡ. ಮೆಣಸು, ಉಪ್ಪಿಟ್ಟ ಮಾಂಸ ಅಲ್ಲಿ ಒಣಗಬಹುದು, ಪ್ಲಾಸ್ಟಿಕ್ ಸೊಟ್ಟಗಾಗಿ ಮಸಿ ಹಿಡಿಯುತ್ತದೆ. ಕುಶಾಲನಗರದ ಕಡೆ ಮಳೆ ಬಹಳ ಕಡಿಮೆ. ಅಲ್ಲಿ ನೆಂಟರಿದ್ದರೆ, ಪೆಟ್ಟಿಗೆ ಕಟ್ಟಿಕೊಂಡು ಹೋಗಿ ಅವರ ಅಂಗಳದಲ್ಲಿ ಕೆಲಸ ಮುಗಿಸಿಕೊಂಡು ಬರುವವರನ್ನು ನಾನು ಬಲ್ಲೆ.

ಸ್ಪ್ರೇಗೆ ಸರಿಯಾದ ಕಾಲ ನವೆಂಬರ್-ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿಹಬ್ಬ ಪುತ್ತರಿ ಕಳೆದ ಮೇಲೆ. ಆಗಲೂ ಬೆಳಗ್ಗೆ ಮಂಜು ಇರುತ್ತದೆ. ಹನ್ನೊಂದು ಗಂಟೆಯಿಂದ ಮೂರರ ತನಕದ ಬಿಸಿಲೇ ಸರಿ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, ಇಪ್ಪತ್ತರಿಂದ ಮೂವತ್ತು ಸೆಂ.ಮೀ. ದೂರದಲ್ಲಿ ಹಿಡಿದು, ವಾಹನದ ಹೊರಗೆ ಆರಂಭಿಸಿ ಅದನ್ನು ದಾಟಿ ಹೊರಗೇ ನಿಲ್ಲಿಸುವಂತೆ ಗಿಡ್ಡ ಗಿಡ್ಡ ಬೀಸು ಬೀಸಬೇಕು. ಮೊದಲ ಸುತ್ತಿನಲ್ಲಿ ಪ್ಲಾಸ್ಟಿಕ್ ಅಲ್ಲಲ್ಲಿ ಕಾಣುತ್ತಿದ್ದರೂ ನಿಲ್ಲಿಸಿ, ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸುತ್ತು. ತಲೆಕೆಳಗು ಮಾಡಿ ಅಡಿಭಾಗಕ್ಕೂ ಹಾಕಿ. ಪ್ರೈಮರ್ ಹಾಕಿದ ಮೇಲೆ ಉಳಿದುಹೋದ ಅಚ್ಚುಗೆರೆ ಒಂದೆರಡು ಕಂಡೇ ಕಾಣುತ್ತವೆ. ಆಗಲೂ ಉಜ್ಜಿ ಸರಿಪಡಿಸಿ ಆ ಜಾಗಕ್ಕಷ್ಟೇ ಮತ್ತೆ ಪ್ರೈಮರ್ ಹಾಕಬಹುದು, ತಡವಾಗಿರುವುದಿಲ್ಲ.

ಪ್ರಶ್ನೆ: ಅರ್ಧ ಜೋಡಿಸಿದ ವಾಹನವೊಂದು ಇದೆ. ಈಗ ಮಳೆ, ಮುಂದೆ ಕಾಫಿ ಕುಯ್ಲು. ಬಿಡುವು ಸಿಗುವ ತನಕ ಇದನ್ನು ಹೇಗೆ ಇಟ್ಟುಕೊಳ್ಳಲಿ? ಕುಯ್ಲಿನ ದಿನಗಳಲ್ಲಿ ಕಣದಲ್ಲೇ ನಿಂತು ಪ್ರೈಮರ್ ಹೊಡೆಯಬಹುದೇ?
— ಪೊನ್ನಂಪೇಟೆಯ ಬೆಳೆಗಾರರು

ಉತ್ತರ: ಪ್ಲಾಸ್ಟಿಕ್‌ಗೆ ತೇವದಿಂದ ಏನೂ ಆಗುವುದಿಲ್ಲ, ಅದರ ಜೊತೆಗಿರುವ ಕಾಗದಕ್ಕೆ ಆಗುತ್ತದೆ. ನೀರಿನಲ್ಲಿ ನೆನೆಸಿ ಅಂಟಿಸುವ ಲಾಂಛನಗಳ ಹಾಳೆ ಮತ್ತು ಸೂಚನಾಪತ್ರವನ್ನು ಮೊದಲು ಬೇರೆ ಮಾಡಿ, ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ ಗಾಳಿ ತೆಗೆದು ಮುಚ್ಚಿ. ರಟ್ಟಿನ ಪೆಟ್ಟಿಗೆಯಲ್ಲೇ ಬಿಟ್ಟರೆ ಒಂದು ಮಳೆಗಾಲದಲ್ಲಿ ಬೂಸ್ಟು ಬಂದು, ಹಾಳೆಯ ಅಂಟು ಹಳದಿಯಾಗುತ್ತದೆ. ಬಿಡಿ ತುಂಡುಗಳನ್ನು ಹಂತದ ಸಂಖ್ಯೆ ಬರೆದ ಸಣ್ಣ ಚೀಲಗಳಲ್ಲಿ ಹಾಕಿ. ಕುಯ್ಲು ಮುಗಿದು ಮೂರು ತಿಂಗಳಾದ ಮೇಲೆ ಯಾವುದು ಯಾವ ಬದಿಯದೆಂದು ನೆನಪಿರುವುದಿಲ್ಲ. ಆಯುಧ ಬದಲಿಸಲು ಆಯಸ್ಕಾಂತ ಕೂರಿಸಿದ್ದರೆ, ಹೊರಮುಖಕ್ಕೆ ಮಾರ್ಕರ್‌ನಿಂದ ಚುಕ್ಕೆ ಇಡಿ. ಉಳಿದವನ್ನು ಕೂರಿಸುವಾಗ ಧ್ರುವ ತಿರುವುಮುರುವಾದರೆ ಫಿರಂಗಿ ಕೂರುವ ಬದಲು ಹಾರಿಬೀಳುತ್ತದೆ. ಸಿಮೆಂಟ್ ಬಾಟಲಿಯ ಮುಚ್ಚಳ ಬಿಗಿಮಾಡಿ ನೇರವಾಗಿ ನಿಲ್ಲಿಸಿಡಿ, ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಮರೆಯಬೇಡಿ.

ಕಣದಲ್ಲಿ ಕಾಫಿ ಹರಡಿರುವಾಗ ಅಲ್ಲಿ ಸ್ಪ್ರೇ ಬೇಡ. ಬಣ್ಣದ ಮಂಜು ಗಾಳಿಯಲ್ಲಿ ಹಲವು ಅಡಿ ತೇಲಿಹೋಗಿ ಹಣ್ಣಿನ ಮೇಲೆ ಕೂರುತ್ತದೆ, ಕಾಫಿಗೆ ವಾಸನೆ ಹತ್ತುತ್ತದೆ. ಕಾಫಿ ಕೆದಕುವಾಗ ಏಳುವ ಸಿಪ್ಪೆಯ ಧೂಳು ನಿಮ್ಮ ಹಸಿ ಪ್ರೈಮರ್ ಮೇಲೆ ಕೂರುತ್ತದೆ. ಗಾಳಿ ಕಣದಿಂದ ಬೇರೆ ದಿಕ್ಕಿಗೆ ಹೋಗುವ, ಮನೆಯ ಹಿಂಬದಿಯ ಯಾವುದಾದರೂ ಜಾಗ ನೋಡಿ. ಹಳೆಯ ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ, ಅದರೊಳಗೆ ವಾಹನವನ್ನಿಟ್ಟು ಹೊಡೆಯಿರಿ. ಮಧ್ಯಾಹ್ನ ಆಳುಗಳು ಊಟಕ್ಕೆ ಕೂತ ಅರ್ಧ ಗಂಟೆ ನಿಮಗೆ ಸಾಕಾಗುತ್ತದೆ. ಹೊಡೆದ ಮೇಲೆ ಪೆಟ್ಟಿಗೆಯ ಸಮೇತ ಒಳಗೆ ತಂದಿಡಿ. ಸಂಜೆ ನಾಲ್ಕರ ಮೇಲೆ ಇಬ್ಬನಿ ಇಳಿಯಲು ಆರಂಭವಾಗುತ್ತದೆ.